ಸ್ಕ್ರೂ ಮೇಲಿನ ಕೆಂಪು ಚುಕ್ಕೆ

ಜನವರಿ ೯

ಅಪ್ಪಾ,

ನಿನ್ನ ಕಂಪ್ಯೂಟರ್ ಮತ್ತೆ ಮುಷ್ಕರ ಹೂಡಿದೆ. ‘ನಿನ್ನ’ ಅಂತ ಬರೆದದ್ದು ಸಿಟ್ಟಿಗೆ. ಸರಿಯಿದ್ದಾಗ ಅದು ನನ್ನದು, ಕೆಟ್ಟಾಗ ಜೋಡಿಸಿ ಕೊಟ್ಟವನದು.

‘ಏನೋ ಆಗಿದೆ, ನೋಡಿ’ ಅನ್ನುವ ಗಿರಾಕಿಗಳ ಮೇಲೆ ನೀನು ರೇಗುತ್ತಿದ್ದದ್ದು ನೆನಪಿದೆ, ಅದಕ್ಕೆ ಲಕ್ಷಣಗಳನ್ನು ಸರಿಯಾಗಿ ಹೇಳುತ್ತೇನೆ. ಹಚ್ಚಿದಾಗ ಚೆನ್ನಾಗಿಯೇ ಇರುತ್ತದೆ. ಸ್ವಲ್ಪ ಹೊತ್ತು ಕೆಲಸ ಮಾಡಿದ ಮೇಲೆ ಮೌಸಿನ ಬಾಣ ಇದ್ದಲ್ಲೇ ನಿಂತುಬಿಡುತ್ತದೆ. ಕೀಲಿಗಳನ್ನು ಎಷ್ಟು ಕುಟ್ಟಿದರೂ ಒಂದು ಅಕ್ಷರ ಮೂಡುವುದಿಲ್ಲ. ಒಳಗೆ ಮಾತ್ರ ಗರಗರ ಸದ್ದು. ಅಂದರೆ ಸತ್ತಿಲ್ಲ, ನನ್ನ ಕೆಲಸ ಬಿಟ್ಟು ಬೇರೆ ಯಾವುದೋ ಕೆಲಸದಲ್ಲಿ ಮುಳುಗಿದೆ. ಕೊನೆಗೆ ಗುಂಡಿ ಒತ್ತಿ ಆರಿಸಬೇಕು. ನಿನ್ನೆ ಮಕ್ಕಳ ಭೂಗೋಳದ ಪುಸ್ತಕದ ಪುಟ ಜೋಡಿಸುತ್ತಿದ್ದೆ. ನದಿ ಸಮುದ್ರ ಸೇರುವ ಮುಂಚೆಯೇ ಹ್ಯಾಂಗ್ ಆಯಿತು. ಪ್ರೆಸ್ಸಿನವರು ಎರಡು ಸಲ ಫೋನ್ ಮಾಡಿ ಗೊಣಗಿದರು.

ಇವರು ಬೇಕರಿಯಿಂದ ಬಂದವರು, “ಪಕ್ಕದ ಬೀದೀಲಿ ರಿಪೇರಿಯವನಿದ್ದಾನಲ್ಲ, ತೋರಿಸೋಣ” ಅಂದರು. “ಅಪ್ಪನ ಚುಕ್ಕೆ ಇದೆ, ಯಾರೂ ಮುಟ್ಟೋ ಹಾಗಿಲ್ಲ” ಅಂದೆ. “ಇದೊಳ್ಳೆ ಕಥೆ ಆಯ್ತಲ್ಲ” ಅಂತ ನಕ್ಕರು. ರೇಡಿಯೋ ಅಂಗಡಿಯಲ್ಲಿ ಬೆಳೆಯದವರಿಗೆ ಏನು ಗೊತ್ತು? ರಿಪೇರಿ ಮುಗಿದ ಮೇಲೆ ಪ್ರತಿ ಸ್ಕ್ರೂ ಮೇಲೆ ನೀನು ಕೆಂಪು ಉಗುರುಬಣ್ಣದ ಒಂದು ಹನಿ ಇಡುತ್ತಿದ್ದೆ. ಬೇರೆ ಯಾರಾದರೂ ಬಿಚ್ಚಿದರೆ ಹನಿ ಒಡೆದು ಗುಟ್ಟು ರಟ್ಟಾಗುತ್ತಿತ್ತು. “ನನ್ನ ಚುಕ್ಕೆ ಒಡೆದ ಸೆಟ್ಟು ನಾನು ಮುಟ್ಟಲ್ಲ, ತಗೊಂಡ್ ಹೋಗಿ” ಅಂತ ಎಂಥೆಂಥವರನ್ನೆಲ್ಲ ಮೆಟ್ಟಿಲಿಳಿಸಿದ್ದೀಯ! ಈ ಕಂಪ್ಯೂಟರಿನ ಚುಕ್ಕೆಗಳೆಲ್ಲ ಹಾಗೇ ಇವೆ, ನೋಡಿಕೊಂಡೆ.

ಮಗು ಚೆನ್ನಾಗಿ ಬೆಳೆಯುತ್ತಿದೆ ಅಂದರು ಡಾಕ್ಟರು. ಒದೆಯುವುದನ್ನು ಕಲಿತಿದೆ. ಫೋನಿನಲ್ಲಾದರೆ ನಿನ್ನ ಕಿವಿಗೆ ಇದನ್ನು ಕೂಗಿ ಹೇಳಬೇಕಿತ್ತು, ಬೀದಿಗೆಲ್ಲ ಕೇಳಿಸುತ್ತಿತ್ತು. ನಮಗೆ ಕಾಗದವೇ ವಾಸಿ. ಬೇಗ ಔಷಧ ಬರೆದು ಕಳಿಸು.

ನಿನ್ನ
ಗುಂಡುಪಿನ್ನು


ಜನವರಿ ೧೭

ಗುಂಡುಪಿನ್ನೇ,

ಹೊರಗಿನವರ ಕೈಗೆ ಕೊಡದೆ ಒಳ್ಳೆಯ ಕೆಲಸ ಮಾಡಿದೆ. ಆ ಜನ ಒಂದನ್ನು ಸರಿಮಾಡಿ ಎರಡನ್ನು ಕೆಡಿಸಿ ಕಳಿಸುತ್ತಾರೆ, ನಾಳೆಯ ಊಟಕ್ಕೂ ದಾರಿ ಆಗಬೇಕಲ್ಲ.

ನೀನು ಹೇಳಿದ್ದನ್ನು ನೋಡಿದರೆ ಬಿಸಿಯಾಗುತ್ತಿದೆ. ಪೆಟ್ಟಿಗೆಯನ್ನು ಗೋಡೆಗೆ ಒತ್ತಿ ಇಟ್ಟಿರುತ್ತೀಯ, ನಿನ್ನ ಬುದ್ಧಿ ನನಗೆ ಗೊತ್ತು. ಒಂದು ಗೇಣು ಮುಂದಕ್ಕೆ ಎಳೆ. ಹಿಂದಿನ ಜಾಲರಿಗೆ ಕಟ್ಟಿದ ಧೂಳನ್ನು ಒಣ ಬ್ರಷ್‌ನಿಂದ ತೆಗೆ, ಒದ್ದೆ ಬಟ್ಟೆ ಬೇಡ. ಟೇಬಲ್ ಫ್ಯಾನನ್ನು ಪಕ್ಕಕ್ಕೆ ತಿರುಗಿಸು. ಬಸುರಿಗೂ ಕಂಪ್ಯೂಟರಿಗೂ ಗಾಳಿ ಮುಖ್ಯ.

ಹಚ್ಚಿದ ಕೂಡಲೇ ತಾವಾಗಿ ಎದ್ದು ಕೂರುವ ಪ್ರೋಗ್ರಾಮುಗಳು ಒಂದಷ್ಟು ಇರುತ್ತವೆ. ಬೇಡದವನ್ನೆಲ್ಲ ನಿಲ್ಲಿಸು. ನಾನು ಹಾಕಿಕೊಟ್ಟ ಬ್ಯಾಕಪ್ ಒಂದನ್ನು ಮಾತ್ರ ಮುಟ್ಟಬೇಡ. ನಿನ್ನ ಕೆಲಸದ ನಕಲು ನನ್ನ ಹತ್ತಿರ ಬಂದು ಸೇರುವುದು ಅದರಿಂದಲೇ. ಯಂತ್ರ ಸುಟ್ಟುಹೋದರೂ ನಿನ್ನ ದುಡಿಮೆ ಉಳಿಯಬೇಕು.

ಹೆರಿಗೆಯ ಹೊತ್ತಿಗೆ ನಾನು ಅಂಗಡಿ ಮುಚ್ಚಿ ಬರುತ್ತೇನೆ. ಅಮ್ಮನಿಲ್ಲದ ನಿನ್ನನ್ನು ಸಾಕಿದವನು, ಮೊಮ್ಮಗುವನ್ನು ಎತ್ತಿಕೊಳ್ಳಲು ಹೊಸದಾಗಿ ಕಲಿಯಬೇಕಾದ್ದೇನಿಲ್ಲ.

ನಿನ್ನಪ್ಪ


ಜನವರಿ ೨೮

ಅಮ್ಮಾ,

ಈ ಪದ ಟೈಪ್ ಮಾಡುವಾಗ ಈಗಲೂ ಕೈ ತಡೆಯುತ್ತದೆ. ಎರಡನೇ ಕ್ಲಾಸಿನಲ್ಲಿ ಬಿಟ್ಟುಹೋದ ಪದ. ನಿಮ್ಮ ಆಸ್ಪತ್ರೆಯ ಮಕ್ಕಳ ವಾರ್ಡಿಗೆ ನಾನು ಪುಟ ಜೋಡಿಸಿದ ಆ ಪುಸ್ತಕ ಬರದಿದ್ದರೆ, ಅದರ ಕೊನೆಯ ಪುಟದಲ್ಲಿ ನನ್ನ ಹೆಸರು ನಿನ್ನ ಕಣ್ಣಿಗೆ ಬೀಳದಿದ್ದರೆ, ನೀನು ಪ್ರೆಸ್ಸಿಗೆ ಬರೆದು ಕೇಳದಿದ್ದರೆ?

ಏಪ್ರಿಲ್ ಕೊನೆಗೆ ರಜೆ ಕೇಳಿದ್ದೇನೆ ಅಂತ ಬರೆದಿದ್ದೀಯಲ್ಲ, ಆ ಸಾಲನ್ನು ಇವರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಇನ್ನೊಂದು ಸಲ ಓದು ಅಂದರು. ಅಮ್ಮಾ, ನಿಜ ಹೇಳಲಾ, ನನಗೆ ಹೆರಿಗೆ ಅಂದರೆ ಪ್ರಾಣಭಯ. ಆ ಕೋಣೆಯಲ್ಲಿ ಹಿಡಿದುಕೊಳ್ಳಲು ಒಂದು ಕೈ ಬೇಕು, ಅದು ನಿನ್ನದೇ ಆಗಬೇಕು. ಬೇರೆ ಏನನ್ನೂ ನಾನು ನಿನ್ನಿಂದ ಕೇಳುವುದಿಲ್ಲ. ಯಾಕೆ ಹೋದೆ ಅಂತಲೂ ಕೇಳುವುದಿಲ್ಲ.

ಏಪ್ರಿಲ್‌ವರೆಗೆ ಕಾಯಲು ಆಗುತ್ತಿಲ್ಲ. ಮುಂದಿನ ತಿಂಗಳು ನಾನೇ ಬಸ್ಸು ಹತ್ತಿ ಬಂದುಬಿಡಲಾ? ಒಂದು ಹಗಲಿನ ದಾರಿ ತಾನೆ. ನೀನು ಆಸ್ಪತ್ರೆಯ ಹರಿದ ಹಾಸುಗಳನ್ನು ಹೊಲಿಯುವ ಆ ಕೋಣೆಯಲ್ಲಿ ಒಂದು ಮೂಲೆಯಲ್ಲಿ ಕೂತಿರುತ್ತೇನೆ.

ಅಪ್ಪನಿಗೆ ಹೇಳಿಲ್ಲ. ಹೆದರಿಕೆಯಿಂದಲ್ಲ, ಕನಿಕರದಿಂದ. ನಿನ್ನ ಮಾತು ಬಂದರೆ ಸಾಕು, ತಲೆ ತಗ್ಗಿಸಿಕೊಂಡು ಬೆಸುಗೆ ಕಡ್ಡಿಯನ್ನು ಬಿಸಿಗೆ ಇಡುತ್ತಿದ್ದ. ಮಗು ಹುಟ್ಟಿದ ಮೇಲೆ ನಾನೇ ಹೇಳುತ್ತೇನೆ.

ಈ ಕಾಗದ ಮುಗಿಯುವಷ್ಟರಲ್ಲಿ ಕಂಪ್ಯೂಟರ್ ಎಷ್ಟು ಸಲ ನಿಂತಿತೋ. ನಿನಗೆ ಬರೆಯಲು ಕೂತಾಗಲೇ ಇದರ ರಗಳೆ ಜಾಸ್ತಿ. ಕೂಡಲೇ ಉತ್ತರ ಬರಿ.

ನಿನ್ನ ಮಗಳು


ಫೆಬ್ರವರಿ ೧೧

ಗುಂಡುಪಿನ್ನೇ,

ಧೂಳು ತೆಗೆದರೂ ಫ್ಯಾನ್ ಇಟ್ಟರೂ ನಿಲ್ಲಲಿಲ್ಲ ಅಂತ ನಿನ್ನ ಕಾರ್ಡು ಬಂತು. ಹಾಗಾದರೆ ಒಳಗಡೆ ನೋಡಬೇಕು. ನಿನಗೆ ಬಿಚ್ಚಲು ಅನುಮತಿ ಕೊಟ್ಟಿದ್ದೇನೆ, ನಿನಗೆ ಮಾತ್ರ. ಚುಕ್ಕೆಗಳನ್ನು ಬ್ಲೇಡಿನಿಂದ ಕೆರೆದು ಪಕ್ಕದ ತಗಡು ತೆಗೆ. ಒಳಗೆ ಕೈ ಹಾಕುವ ಮೊದಲು ಪೆಟ್ಟಿಗೆಯ ಲೋಹವನ್ನು ಒಮ್ಮೆ ಮುಟ್ಟು. ಮೆಮೊರಿ ಪಟ್ಟಿಗಳು ನಿಂತಿರುತ್ತವೆ, ನಿನಗೆ ಗೊತ್ತಾಗುತ್ತದೆ. ಹೊರಗೆ ತೆಗೆದು ಅವುಗಳ ಹೊಂಬಣ್ಣದ ಅಂಚನ್ನು ಶಾಲೆ ಮಕ್ಕಳ ರಬ್ಬರಿನಿಂದ ಉಜ್ಜು. ಮತ್ತೆ ಕೂರಿಸುವಾಗ ‘ಟಕ್’ ಅನ್ನಬೇಕು. ಮುಗಿದ ಮೇಲೆ ಚುಕ್ಕೆ ಇಡಲು ಶೀಸೆಯನ್ನು ಈ ಕಾಗದದ ಜೊತೆಗೇ ಕಳಿಸಿದ್ದೇನೆ. ಗಟ್ಟಿಯಾಗಿದ್ದರೆ ಒಂದು ಹನಿ ಥಿನ್ನರ್ ಹಾಕು. ಕೆಲಸ ಆದ ಮೇಲೆ ವಾಪಸು ಕಳಿಸುವುದನ್ನು ಮರೆಯಬೇಡ.

ಇನ್ನೊಂದು ಮಾತು. ಈ ದಿನಗಳಲ್ಲಿ ದೂರದ ಬಸ್ಸು ಹತ್ತುವ ಹುಚ್ಚು ಯೋಚನೆಯೇನಾದರೂ ಇದ್ದರೆ ಬಿಟ್ಟುಬಿಡು. ಕುಲುಕಾಟ ಒಳ್ಳೆಯದಲ್ಲ. ಬೇಕಾದವರಾದರೆ ಅವರೇ ಬರುತ್ತಾರೆ. ಬಾರದವರನ್ನು ಕಾಯುತ್ತಾ ಕೂತರೆ ಕಣ್ಣು ನೋವು, ಅಷ್ಟೆ.

ನಿನ್ನಪ್ಪ


ಮಾರ್ಚ್ ೩

ಅಮ್ಮಾ,

ಇದು ನಾಲ್ಕನೇ ಕಾಗದ. ಒಂದಕ್ಕೂ ನಿನ್ನ ಉತ್ತರವಿಲ್ಲ. ಮೊದಲು ಹುಷಾರಿಲ್ಲವೇನೋ ಅಂದುಕೊಂಡೆ. ಆಸ್ಪತ್ರೆಗೆ ಫೋನ್ ಮಾಡಿದರೆ “ಇದ್ದಾರೆ, ಕೆಲಸದಲ್ಲಿದ್ದಾರೆ, ಕರೀಲಾ?” ಅಂದರು. ಕಾದೆ. ಆಮೇಲೆ ಬಂದು, “ಈಗ ಬರೋಕಾಗಲ್ವಂತೆ” ಅಂದರು. ಆ ‘ಅಂತೆ’ ಕೇಳಿ ಫೋನ್ ಇಟ್ಟುಬಿಟ್ಟೆ.

ನಾನೇನು ತಪ್ಪು ಬರೆದೆ? ಕೈ ಹಿಡಿದುಕೋ ಅಂತ ಕೇಳಿದ್ದು ಹೆಚ್ಚಾಯಿತೇ? ಆಗದಿದ್ದರೆ ಆಗಲ್ಲ ಅಂತ ಒಂದು ಸಾಲು ಬರೆಯಬಹುದಿತ್ತಲ್ಲ. ಚಿಕ್ಕವಳಿದ್ದಾಗ ಬಿಟ್ಟುಹೋದಾಗ ನನಗೆ ತಿಳುವಳಿಕೆ ಇರಲಿಲ್ಲ. ಈಗ ಎಲ್ಲ ತಿಳಿಯುತ್ತದೆ, ಅದಕ್ಕೇ ಹೆಚ್ಚು ನೋವು. ನಂಬಿಸಿ ಕತ್ತು ಕೊಯ್ದೆ ನೀನು.

ನೀನು ಬಿಟ್ಟುಹೋದ ಕೆಂಪು ಉಗುರುಬಣ್ಣದ ಶೀಸೆ ಈಗ ನನ್ನ ಮೇಜಿನ ಮೇಲಿದೆ. ಅಪ್ಪ ಇಷ್ಟು ವರ್ಷವೂ ಸ್ಕ್ರೂಗಳ ಮೇಲೆ ಚುಕ್ಕೆಯಿಡಲು ಅದನ್ನೇ ಬಳಸಿದ್ದಾನೆ. ಥಿನ್ನರ್ ಹಾಕಿ ಹಾಕಿ ಉಳಿಸಿಕೊಂಡಿದ್ದಾನೆ. ನೀನು ಬೇಡವೆಂದು ಎಸೆದದ್ದನ್ನೆಲ್ಲ ಎತ್ತಿಟ್ಟುಕೊಂಡವನು ಅವನೊಬ್ಬನೇ, ನನ್ನನ್ನೂ ಸೇರಿಸಿ.

ಇನ್ನು ಬರೆಯುವುದಿಲ್ಲ.


ಮಾರ್ಚ್ ೧೪

ಅಪ್ಪಾ,

ರಬ್ಬರಿನಿಂದ ಉಜ್ಜಿದೆ, ಟಕ್ ಅನ್ನಿಸಿ ಕೂರಿಸಿದೆ, ಚುಕ್ಕೆಯನ್ನೂ ಇಟ್ಟೆ. ನೀನೇ ಇಟ್ಟಷ್ಟು ದುಂಡಗೆ ಬಂದಿದೆ. ಆದರೂ ಹ್ಯಾಂಗ್ ಆಗುವುದು ನಿಂತಿಲ್ಲ. ಈ ಸಲ ನಿಂತಾಗ ಪರ್ವತಗಳ ಅಧ್ಯಾಯ ಪೂರ್ತಿ ಹೋಯಿತು. ನಿನ್ನ ಬ್ಯಾಕಪ್ಪಿನಲ್ಲಿ ಅದರ ನಕಲು ಇರುತ್ತದಲ್ಲ, ಕಳಿಸು. ಇಲ್ಲದಿದ್ದರೆ ಪ್ರೆಸ್ಸಿನವರು ನನ್ನನ್ನೇ ಪರ್ವತದಿಂದ ತಳ್ಳುತ್ತಾರೆ.

ಮನಸ್ಸು ಸರಿಯಿಲ್ಲ. ತುಂಬ ನಂಬಿದವರೊಬ್ಬರು ಕೈಬಿಟ್ಟರು. ಯಾರು ಏನು ಅಂತ ಈಗ ಕೇಳಬೇಡ. ಆದರೆ ಅವತ್ತಿನಿಂದ ಒಂದು ಅರ್ಥವಾಗಿದೆ: ನನಗೆ ಅಂತ ಇರುವುದು ಇವರು ಮತ್ತು ನೀನು. ಹೆರಿಗೆಗೆ ನೀನೇ ಬಾ. ಹೊರಗೆ ಬೆಂಚಿನ ಮೇಲೆ ನೀನು ಕೂತಿದ್ದೀಯ ಅಂತ ಗೊತ್ತಿದ್ದರೆ ನನಗೆ ಧೈರ್ಯ.

ನಿನ್ನ
ಗುಂಡುಪಿನ್ನು


ಮಾರ್ಚ್ ೨೨

ನನ್ನ ಗುಂಡುಪಿನ್ನೇ,

ನಿನ್ನ ಕಾಗದ ಓದಿ ಎಷ್ಟೋ ದಿನಗಳ ಮೇಲೆ ನೆಮ್ಮದಿಯಾಗಿ ಊಟ ಮಾಡಿದೆ. ಬರುತ್ತೇನೆ, ಖಂಡಿತ ಬರುತ್ತೇನೆ. ಯಾರು ಕೈಬಿಟ್ಟರು ಅಂತ ನಾನು ಕೇಳುವುದಿಲ್ಲ. ಹೋಗುವವರು ಹೋಗುತ್ತಾರೆ, ಅಪ್ಪ ಎಲ್ಲಿಗೂ ಹೋಗುವುದಿಲ್ಲ. ಅಳಬೇಡ, ಮಗುವಿಗೆ ಆಗದು.

ಪರ್ವತದ ಅಧ್ಯಾಯ ಯಾಕೋ ಇಲ್ಲಿಗೆ ಬಂದಿಲ್ಲ. ಅದೊಂದೇ ತಪ್ಪಿಹೋಗಿರಬೇಕು. ಕರೆಂಟಿನ ಏರುಪೇರು ಇರಬಹುದು, ಗೋಡೆಯ ಪ್ಲಗ್ ಬದಲಿಸಿ ನೋಡು.

ನಿನ್ನಪ್ಪ


ಏಪ್ರಿಲ್ ೬

ಅಪ್ಪ,

ಪ್ಲಗ್ ಬದಲಿಸಿದೆ. ಗುಣವಾಗಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಹಾಗಾಗಿತ್ತು ನನ್ನ ಪಾಡು. ಪರ್ವತಗಳ ಅಧ್ಯಾಯವನ್ನು ಮೊದಲಿನಿಂದ ಮಾಡುತ್ತಾ ಕೂತಿದ್ದಾಗ ತಟ್ಟನೆ ಒಂದು ಯೋಚನೆ ಬಂತು. ಸೆಟ್ಟಿನ ವಾಸನೆ ನೋಡಿ ಎಲ್ಲಿ ಸುಟ್ಟಿದೆ ಅಂತ ಹೇಳುತ್ತಿದ್ದವರು ನೀವು. ನಿಮ್ಮ ಕೈಯಾರೆ ಜೋಡಿಸಿದ ಯಂತ್ರದ ರೋಗ ಮೂರು ತಿಂಗಳಾದರೂ ನಿಮಗೆ ಸಿಗಲಿಲ್ಲ ಅಂದರೆ ಏನರ್ಥ?

ಆಗ ನಿಮ್ಮದೇ ಪಾಠ ನೆನಪಾಯಿತು. ಸ್ಟೂಲಿನ ಮೇಲೆ ಕೂರಿಸಿಕೊಂಡು ಹೇಳಿಕೊಟ್ಟಿದ್ದಿರಲ್ಲ, “ಒಂದೊಂದನ್ನೇ ಕಳಚಿ ನೋಡು, ಯಾವುದನ್ನ ಕಳಚಿದಾಗ ರೋಗ ಹೋಯ್ತೋ ಅದೇ ಕಳ್ಳ” ಅಂತ. ತಾವಾಗಿ ಏಳುವ ಪ್ರೋಗ್ರಾಮುಗಳಲ್ಲಿ ಇನ್ನೂ ಉಳಿದಿದ್ದವನ್ನು ಒಂದೊಂದಾಗಿ ನಿಲ್ಲಿಸುತ್ತಾ ಬಂದೆ. ರೋಗ ಹೋಗಲಿಲ್ಲ. ಕೊನೆಗೆ ಉಳಿದದ್ದು ನೀವು ಮುಟ್ಟಬೇಡ ಅಂದದ್ದು. ಅದನ್ನು ನಿಲ್ಲಿಸಿದೆ. ಇಡೀ ದಿನ ಕಂಪ್ಯೂಟರ್ ಒಮ್ಮೆಯೂ ತಡವರಿಸಲಿಲ್ಲ. ಸಂಜೆ ಇವರು ಬಂದಾಗ ಖುಷಿಯಿಂದ ಹೇಳಬೇಕಿತ್ತು. ಅದರ ಬದಲು ಮತ್ತೆ ಪರದೆಯ ಮುಂದೆ ಹೋಗಿ ಕೂತೆ.

ಆ ಬ್ಯಾಕಪ್ಪಿನ ಫೋಲ್ಡರ್ ತೆರೆದು ನೋಡಿದೆ. ನದಿಯೂ ಇರಲಿಲ್ಲ, ಪರ್ವತವೂ ಇರಲಿಲ್ಲ. ಇದ್ದದ್ದು ನನ್ನ ಪರದೆಯ ಚಿತ್ರಗಳು. ನಾನು ಅಮ್ಮನಿಗೆ ಕಾಗದ ಟೈಪ್ ಮಾಡಲು ಕೂತಾಗಲಂತೂ ಒಂದೊಂದು ಸಾಲಿಗೂ ಒಂದೊಂದು ಚಿತ್ರ. ‘ಅಮ್ಮಾ’ ಅಂತ ಬರೆದು ಅಳಿಸಿದ್ದು, ಮತ್ತೆ ಬರೆದದ್ದು, ಹೆರಿಗೆಗೆ ಹೆದರಿಕೆ ಅಂತ ಬರೆದದ್ದು, ನಂಬಿಸಿ ಕತ್ತು ಕೊಯ್ದೆ ಅಂತ ಬೈದದ್ದು, ಎಲ್ಲ. ಒಳಗೆ ಜಾಗವಿಲ್ಲದಷ್ಟು ತುಂಬಿಹೋಗಿದ್ದವು. ಯಂತ್ರ ಉಸಿರುಗಟ್ಟಿ ನಿಲ್ಲುತ್ತಿದ್ದದ್ದು ಅದಕ್ಕೆ. ಅವೆಲ್ಲ ನಿಮ್ಮ ಮೇಜಿಗೆ ಬಂದು ಸೇರುತ್ತಿದ್ದವು.

ಬಸ್ಸಿನ ವಿಷಯ ನಾನು ನಿಮಗೆ ಹೇಳಿರಲೇ ಇಲ್ಲ. ಅವತ್ತು ನಿಮ್ಮ ಕಾಗದ ಓದಿ, ಅಪ್ಪನಿಗೆ ಮಗಳ ಮನಸ್ಸು ಎಷ್ಟು ತಿಳಿಯುತ್ತದೆ ಅಂತ ಕಣ್ಣಲ್ಲಿ ನೀರು ತಂದುಕೊಂಡಿದ್ದೆ. ಎಂಥ ಪೆದ್ದಿ ನಾನು!

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳಿಕೊಳ್ಳಲಿ? ನೋಡಿದ್ದಕ್ಕಿಂತ ಹೆಚ್ಚಾಗಿ, ಸುಳ್ಳು ರಿಪೇರಿ ಹೇಳಿಕೊಟ್ಟಿರಲ್ಲ, ಅದನ್ನು ಹೇಗೆ ಕ್ಷಮಿಸಲಿ? ತುಂಬಿದ ಬಸುರಿಯನ್ನು ಮೇಜಿನ ಕೆಳಗೆ ಬಗ್ಗಿಸಿ ರಬ್ಬರ್ ಹಿಡಿದು ಉಜ್ಜಿಸಿದಿರಿ. ಯಾವ ಗಿರಾಕಿಗೂ ನೀವು ಹಾಗೆ ಮಾಡಿದವರಲ್ಲ.

ಒಂದೇ ಪ್ರಶ್ನೆ. ಅಮ್ಮ ಸುಮ್ಮನಾದದ್ದಕ್ಕೂ ನಿಮಗೂ ಸಂಬಂಧವಿದೆಯೇ? ಅವಳಿಗೂ ಇದೇ ಪ್ರಶ್ನೆಯನ್ನು ಕೈಯಲ್ಲಿ ಬರೆದು ಅಂಚೆಗೆ ಹಾಕಿದ್ದೇನೆ.

ಮಗಳು


ಏಪ್ರಿಲ್ ೧೩

ಗುಂಡುಪಿನ್ನೇ,

ಕಾಗದದ ತುಂಬ ‘ನೀವು’, ‘ನಿಮಗೆ’. ಅಂಗಡಿಗೆ ಬಂದ ಹೊಸ ಗಿರಾಕಿ ಮಾತಾಡಿದ ಹಾಗಿದೆ.

ಅಪ್ಪನಾದವನು ಮಗಳ ಮನೆಯ ಕಡೆ ಒಂದು ಕಣ್ಣಿಟ್ಟರೆ ಅದು ಕಳ್ಳತನವೇ? ಕಿವಿ ಹೋದ ಮೇಲೆ ನನಗೆ ಉಳಿದದ್ದು ಕಣ್ಣು. ಬೆಳಿಗ್ಗೆ ಎದ್ದು ನಿನ್ನ ಪರದೆ ನೋಡಿದರೆ, ನೀನು ಕೆಲಸಕ್ಕೆ ಕೂತಿದ್ದೀಯ, ಚೆನ್ನಾಗಿದ್ದೀಯ ಅಂತ ಸಮಾಧಾನ. ಮೊದಲು ಅಷ್ಟೇ ಇತ್ತು. ಆಮೇಲೆ ಅವಳ ಹೆಸರು ಕಂಡಿತು. ನನಗೆ ನಾಲ್ಕು ಸಾಲಿನ ಕಾರ್ಡು, ಅವಳಿಗೆ ಪುಟಗಟ್ಟಲೆ.

ಅವಳು ಒಮ್ಮೆ ಬಿಟ್ಟುಹೋದವಳು. ನೀನು ಹೆರಿಗೆಯ ಮಂಚದ ಮೇಲಿರುವಾಗ ಇನ್ನೊಮ್ಮೆ ಬಿಟ್ಟುಹೋದರೆ ಆಮೇಲೆ ಯಾರು ನೋಡಿಕೊಳ್ಳಬೇಕು? ಏನು ಮಾಡಿದರೂ ನಿನ್ನ ಒಳ್ಳೆಯದಕ್ಕೇ ಮಾಡಿದೆ.

ಯಂತ್ರ ಸರಿಯಾಯಿತಲ್ಲ. ಮರೆತುಬಿಡು. ಬರುವಾಗ ಏನು ತರಲಿ, ಬರಿ.

ನಿನ್ನಪ್ಪ


ಏಪ್ರಿಲ್ ೨೦

ಮಗಳೇ,

ನಿನ್ನ ಕೈಬರಹ ಮೊದಲ ಸಲ ನೋಡಿದೆ. ‘ಳ’ ಬರೆಯುವಾಗ ಬಾಲ ಎಳೆಯುವುದು ನನ್ನ ಹಾಗೆಯೇ. ಹಾಸುಬಟ್ಟೆಗಳ ರಾಶಿ ಮುಂದೆ ಕೂತು ಅತ್ತೆ. ಜೊತೆಯವಳು ಸೂಜಿ ಚುಚ್ಚಿತೇ ಅಂತ ಕೇಳಿದಳು.

ಹೌದು, ಅವರು ನನಗೆ ಬರೆದಿದ್ದರು. ಜನವರಿ ಕೊನೆಯ ನಿನ್ನ ಕಾಗದ ಬಂದ ಮರುದಿನವೇ ಅವರದೂ ಬಂತು. ನಿನಗೆ ರಕ್ತದೊತ್ತಡ ಏರಿದೆ, ನನ್ನ ಕಾಗದ ಬಂದಾಗಲೆಲ್ಲ ಅತ್ತು ಹಾಸಿಗೆ ಹಿಡಿಯುತ್ತೀ, ಹೆರಿಗೆಯಾಗುವವರೆಗೆ ಒಂದು ಅಕ್ಷರವನ್ನೂ ಬರೆಯಬಾರದು, ಫೋನಿಗೂ ಬರಬಾರದು, ತಾಯಿ ಮಗು ಉಳಿಯಬೇಕಾದರೆ ದೂರ ಇರಬೇಕು ಅಂತ ಡಾಕ್ಟರು ಹೇಳಿದ್ದಾರೆ, ಹೀಗೆಲ್ಲ. ನಾನು ನಂಬಿದೆ. ಅವರಲ್ಲಿ ಏನೇ ಇರಲಿ, ಸುಳ್ಳು ಹೇಳುವವರಲ್ಲ ಅಂದುಕೊಂಡಿದ್ದೆ. ನೀನು ಫೋನ್ ಮಾಡಿದ ದಿನ ಬಾಗಿಲ ಹಿಂದೆ ನಿಂತು ಬಾಯಿಗೆ ಸೆರಗು ಒತ್ತಿಕೊಂಡಿದ್ದೆ.

ಆ ಶೀಸೆಯನ್ನು ನಾನು ಬೇಡವೆಂದು ಎಸೆದೆ ಅಂತ ಬರೆದಿದ್ದೆಯಲ್ಲ. ಇದನ್ನು ಹೇಳಬಾರದು ಅಂತಿದ್ದೆ. ಅವರು ಚುಕ್ಕೆ ಇಡುತ್ತಿದ್ದದ್ದು ಸ್ಕ್ರೂಗಳ ಮೇಲೆ ಮಾತ್ರ ಅಲ್ಲ. ಅಂಗಡಿಗೆ ಹೋಗುವಾಗ ಮನೆಯ ಹಿಂಬಾಗಿಲ ಚಿಲಕದ ಮೇಲೂ ಒಂದು ಹನಿ ಇಟ್ಟು ಹೋಗುತ್ತಿದ್ದರು. ಬಂದ ಮೇಲೆ ಬಗ್ಗಿ ನೋಡುತ್ತಿದ್ದರು. ನನ್ನ ಟ್ರಂಕಿನ ಮೇಲೂ ಇತ್ತು. ಕೈ ಎತ್ತಿದವರಲ್ಲ, ಬೈದವರಲ್ಲ. ಬರೀ ನೋಡುತ್ತಿದ್ದರು. ಆ ಮನೆಯಲ್ಲಿ ನನಗೆ ಉಸಿರು ಕಟ್ಟಿತು. ನಿನ್ನನ್ನು ಅಲ್ಲಿ ಬಿಟ್ಟುಬಂದೆ.

ರಜೆ ಸಿಕ್ಕಿದೆ. ಈ ಕಾಗದದ ಹಿಂದೆಯೇ ಹೊರಡುತ್ತಿದ್ದೇನೆ.

ಅಮ್ಮ


ಮೇ ೧೯

ಅಪ್ಪ,

ಹೆಣ್ಣು ಮಗು ಹುಟ್ಟಿದೆ. ಇಬ್ಬರೂ ಚೆನ್ನಾಗಿದ್ದೇವೆ. ಅಮ್ಮ ಒಳಗೇ ಇದ್ದಳು. ಅವಳ ಬೆರಳು ಮುರಿಯುವಷ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಹೊರಗಿನ ಬೆಂಚಿನ ಮೇಲೆ ಇವರು ಒಬ್ಬರೇ ಕೂತಿದ್ದರು. ಬರಬೇಡಿ ಅಂತ ನಾನು ಬರೆದ ಮೇಲೆ ನೀವು ಬರಲಿಲ್ಲ. ನನ್ನ ಮಾತು ನಡೆಸಿದ್ದಕ್ಕೆ ಥ್ಯಾಂಕ್ಸ್ ಹೇಳಬೇಕೋ ಏನೋ, ಗೊತ್ತಾಗುತ್ತಿಲ್ಲ. ಪ್ರತಿ ಸಲ ಬಾಗಿಲು ತೆರೆದಾಗ ನೀವೇ ಇರಬಹುದು ಅಂತ ಹೆದರಿದೆ. ನೀವಲ್ಲ ಅಂತ ಗೊತ್ತಾದಾಗಲೆಲ್ಲ ಅಳು ಬಂತು.

ಕಂಪ್ಯೂಟರನ್ನು ಪಾರ್ಸೆಲ್ ಮಾಡಿ ಕಳಿಸಿದ್ದೇನೆ. ಪ್ರೆಸ್ಸಿನವರು ತಮ್ಮದೊಂದನ್ನು ಕೊಟ್ಟಿದ್ದಾರೆ. ಇದರ ಚುಕ್ಕೆಗಳನ್ನೆಲ್ಲ ಕೆರೆದು ತೆಗೆದಿದ್ದೇನೆ. ಶೀಸೆಯೂ ಒಳಗಿದೆ. ಅಮ್ಮ ಮೊದಲು ಅದನ್ನು ಕಸದ ಬುಟ್ಟಿಗೆ ಹಾಕಿದಳು. ಸ್ವಲ್ಪ ಹೊತ್ತಾದ ಮೇಲೆ ತಾನೇ ಎತ್ತಿ, ಒರೆಸಿ, “ಅವರ ಕೆಲಸದ ಸಾಮಾನು, ಕಳಿಸಿಬಿಡು” ಅಂದಳು.

ನೀವು ಕದ್ದು ನೋಡಿದ ಚಿತ್ರಗಳನ್ನು ನಾನು ಅಳಿಸಿಲ್ಲ, ಎಲ್ಲ ಅದರಲ್ಲೇ ಇವೆ. ಕೊನೆಯಲ್ಲಿ ಮಗುವಿನ ಒಂದು ಫೋಟೋ ಇದೆ. ಅದೊಂದನ್ನು ಮಾತ್ರ ನಾನಾಗಿ ತೋರಿಸುತ್ತಿದ್ದೇನೆ. ಇನ್ನು ಮುಂದೆ ಏನನ್ನೂ ತೋರಿಸುವುದಿಲ್ಲ. ಚುಕ್ಕೆ ಒಡೆದ ಸೆಟ್ಟನ್ನು ನೀವು ಮುಟ್ಟುತ್ತಿರಲಿಲ್ಲ, ನಾನೂ ನಿಮ್ಮ ಮಗಳೇ.

ಆದರೆ ಮಗುವಿನಿಂದ ನಿಮ್ಮನ್ನು ಮುಚ್ಚಿಡುವುದಿಲ್ಲ. ನನ್ನ ಅಜ್ಜ ಎಲ್ಲಿ ಅಂತ ಅವಳು ಕೇಳಿದ ದಿನ ಅಂಗಡಿಯ ವಿಳಾಸ ಬರೆದು ಕೊಡುತ್ತೇನೆ. ಹೋಗುವುದು ಬಿಡುವುದು ಅವಳ ಇಷ್ಟ.

ಮಗಳು


ಮೇ ೩೦

ಗುಂಡುಪಿನ್ನೇ,

ಪಾರ್ಸೆಲ್ ಬಂದು ತಲುಪಿತು. ಅಂಗಡಿಯ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ.

ತೆರೆದಿಲ್ಲ.

ಅಪ್ಪ